ಹಳೆ ವರ್ಕ್‌ಸ್ಟೇಷನ್‌ಗೆ ಯಾವ ಲಿನಕ್ಸ್? ಮೊದಲು ಪಕ್ಕದ ಬಾಗಿಲು ತೆಗೆದು ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅವತ್ತಿನಿಂದ ನನಗೆ ಬರುವ ಫೋನುಗಳಲ್ಲಿ ಒಂದೇ ಮಾತು. "ಮಿಷನ್ ಚೆನ್ನಾಗೇ ಇದೆ, ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ. ಲಿನಕ್ಸ್ ಹಾಕಬಹುದಾ? ಯಾವುದು ಹಾಕಲಿ?" ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ. ಡೆಬಿಯನ್, ಮಿಂಟ್, ಉಬುಂಟು, ರೆಡ್ ಹ್ಯಾಟ್ ಹೀಗೆ ಅದರಲ್ಲಿ ಹಲವು ಬಗೆ.

ಕೇಳುವವರು ಸರಸ್ವತಿಪುರಂನ ಡಿಟಿಪಿ ಅಂಗಡಿಯವರು, ಕುವೆಂಪುನಗರದಲ್ಲಿ ಮನೆ ನಕ್ಷೆ ಬರೆಯುವ ಎಂಜಿನಿಯರು, ಮಂಡ್ಯದಲ್ಲಿ ಲಗ್ನಪತ್ರಿಕೆ ಹಾಕಿಕೊಡುವ ಪುಟ್ಟ ಪ್ರೆಸ್ಸಿನವರು. ಇವರ ಮಿಷನ್‌ಗಳೆಲ್ಲ ಹೆಚ್ಚೂ ಕಡಿಮೆ ಒಂದೇ ಜಾತಿ. ವರ್ಕ್‌ಸ್ಟೇಷನ್, ಅಂದರೆ ಭಾರಿ ಕೆಲಸಕ್ಕೆಂದೇ ಮಾಡಿದ ಗಟ್ಟಿ ಕಂಪ್ಯೂಟರ್. ಡೆಲ್ ಪ್ರಿಸಿಷನ್ ಟಿ3400, ಟಿ3500, ಟಿ3600. ಎಚ್‌ಪಿ ಎಕ್ಸ್‌ಡಬ್ಲ್ಯೂ4600, ಝೆಡ್400, ಝೆಡ್420. ಬೆಂಗಳೂರಿನ ಕಂಪನಿಗಳಲ್ಲಿ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ) ಕೆಲಸಕ್ಕೆ ದುಡಿದು, ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ಅಂಗಡಿ ದಾಟಿ ಇಲ್ಲಿಗೆ ಬಂದಿರುವವು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ತಗಡು ದಪ್ಪ, ಗಾಳಿ ಆಡಲು ಒಳಗೆ ಬೇಕಾದಷ್ಟು ಜಾಗ. ಇಂಥದ್ದನ್ನು ತೂಕಕ್ಕೆ ಹಾಕಲು ನನಗೂ ಮನಸ್ಸಾಗುವುದಿಲ್ಲ.

ಯಾವ ಲಿನಕ್ಸ್ ಅಂತ ಕೇಳಿದವರನ್ನು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಒಳಗಿರುವ ಗ್ರಾಫಿಕ್ಸ್ ಕಾರ್ಡ್ ಯಾವುದು? ಹೊರಗಿರುವ ಪ್ರಿಂಟರ್ ಯಾವುದು? ಇವೆರಡು ಗೊತ್ತಾದರೆ ಮುಕ್ಕಾಲು ಭಾಗ ಉತ್ತರ ಸಿಕ್ಕಿದ ಹಾಗೆ. ಪ್ರೊಸೆಸರ್, ರ‍್ಯಾಮ್ ಆಮೇಲೆ ನೋಡಿದರೆ ಸಾಕು. ಡೆಸ್ಕ್‌ಟಾಪ್ ನೋಡಲು ಎಷ್ಟು ಚೆಂದ ಅನ್ನುವುದು ಎಲ್ಲಕ್ಕಿಂತ ಕೊನೆಗೆ. ಆದರೆ ಜನ ಶುರು ಮಾಡುವುದೇ ಅಲ್ಲಿಂದ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪ್ರೊಸೆಸರ್ ಲೆಕ್ಕ

ಇದನ್ನು ಬೇಗ ಮುಗಿಸೋಣ. 2005ರ ನಂತರದ ವರ್ಕ್‌ಸ್ಟೇಷನ್ ಆದರೆ ಬಹುತೇಕ 64 ಬಿಟ್ ಇದ್ದೇ ಇರುತ್ತದೆ. ಆದರೆ 64 ಬಿಟ್‌ನಲ್ಲೂ ಈಗ ಮೆಟ್ಟಿಲುಗಳಿವೆ, ಪ್ರೊಸೆಸರ್‌ಗೆ ಎಷ್ಟು ಹೊಸ ಸೂಚನೆಗಳು ಗೊತ್ತು ಅನ್ನುವುದರ ಮೇಲೆ. ಟಿ3400, ಎಕ್ಸ್‌ಡಬ್ಲ್ಯೂ4600 ಇವು ಕೋರ್ 2 ಕಾಲದವು. ಇವು ಮೊದಲ ಮೆಟ್ಟಿಲಲ್ಲೇ ನಿಂತಿವೆ. ಎಸ್‌ಎಸ್‌ಇ 4.2 ಅನ್ನುವ ಸೂಚನೆಗಳ ಗುಂಪು ಇವುಗಳಲ್ಲಿ ಇಲ್ಲ. ಟಿ3500, ಝೆಡ್400 ನೆಹಲೆಮ್ ಪೀಳಿಗೆಯ ಝಿಯಾನ್ ಪ್ರೊಸೆಸರ್ ಹೊತ್ತವು, 2009ರ ಮಾಡೆಲ್‌ಗಳು. ಇವು ಎರಡನೇ ಮೆಟ್ಟಿಲು. 2012ರ ಟಿ3600, ಝೆಡ್420 ಕೂಡ ಎರಡನೆಯದೇ. ಎವಿಎಕ್ಸ್ ಅನ್ನುವ ಸೂಚನೆಗಳ ಗುಂಪು ಇದೆ, ಅದರ ಮುಂದಿನ ಎವಿಎಕ್ಸ್ 2 ಇಲ್ಲ. ಮೂರನೇ ಮೆಟ್ಟಿಲಿಗೆ ಹ್ಯಾಸ್‌ವೆಲ್ ಪೀಳಿಗೆಯ ಪ್ರೊಸೆಸರ್ ಬೇಕು, ಅಂದರೆ ಎಚ್‌ಪಿಯಲ್ಲಿ ಝೆಡ್440ರಿಂದ ಮೇಲೆ.

ಇದು ಎಲ್ಲಿ ಲೆಕ್ಕಕ್ಕೆ ಬರುತ್ತದೆ ಅಂದರೆ, ರೆಡ್ ಹ್ಯಾಟ್ ಬಳಗದಲ್ಲಿ. ಕಂಪನಿಗಳಿಗೆಂದು ರೆಡ್ ಹ್ಯಾಟ್ ಮಾಡುವ ಲಿನಕ್ಸ್, ಅದನ್ನೇ ಅನುಸರಿಸುವ ಆಲ್ಮಾ, ರಾಕಿ ಈ ಬಳಗದವು. 2022ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಎರಡನೇ ಮೆಟ್ಟಿಲು ಕೇಳುತ್ತದೆ. 2025ರ 10ನೇ ಆವೃತ್ತಿ ಮೂರನೆಯದನ್ನು ಕೇಳುತ್ತದೆ. ಹಾಗಾಗಿ ಝೆಡ್420ಗೆ 9 ಸರಿ, 10 ಬೂಟ್ ಆಗುವುದಿಲ್ಲ. ಆಲ್ಮಾ ಲಿನಕ್ಸ್‌ನವರು ಮಾತ್ರ ಎರಡನೇ ಮೆಟ್ಟಿಲಿನವರಿಗೂ ಬೇರೆಯಾಗಿ 10 ಕಟ್ಟಿಕೊಡುತ್ತಿದ್ದಾರೆ. ಓಪನ್‌ಸೂಸೆ ಲೀಪ್ 16 ಕೂಡ ಎರಡನೆಯದನ್ನೇ ಕೇಳುತ್ತದೆ. ಡೆಬಿಯನ್, ಮಿಂಟ್ ಇವಕ್ಕೆ ಈ ತಕರಾರಿಲ್ಲ. ಮೊದಲ ಮೆಟ್ಟಿಲಿನ ಕೋರ್ 2 ಮಿಷನ್ ಮೇಲೂ ಏಳುತ್ತವೆ. ವಿಂಡೋಸ್ 11 ಹೇಗಾದರೂ ಮಾಡಿ ತುರುಕೋಣ ಅನ್ನುವವರಿಗೂ ಒಂದು ಮಾತು. ಅದರ 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ 4.2 ಇಲ್ಲದ ಪ್ರೊಸೆಸರ್‌ನಲ್ಲಿ ಅದು ಬೂಟ್ ಆಗುವುದೇ ಇಲ್ಲ.

ನಿಜವಾಗಿ 32 ಬಿಟ್ ಮಾತ್ರ ಇರುವ ಪೆಂಟಿಯಂ 4 ಕಾಲದ ಮಿಷನ್ ನಿಮ್ಮಲ್ಲಿದ್ದರೆ ದಾರಿ ಕಿರಿದಾಗಿದೆ. 2025ರ ಆಗಸ್ಟ್ 9ಕ್ಕೆ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ತೆಗೆದರು. ಅದನ್ನೇ ಆಧರಿಸಿದ ಮಿಂಟ್‌ನ ಎಲ್‌ಎಂಡಿಇ 7 ಕೂಡ 64 ಬಿಟ್ ಮಾತ್ರ. ಲಿನಕ್ಸ್ ಅಲ್ಲದಿದ್ದರೂ ಅದರಂಥದ್ದೇ ಮುಕ್ತ ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿ ಕೂಡ 15ರಿಂದ ಅದನ್ನು ಕೈಬಿಟ್ಟಿದೆ. ಉಳಿದಿರುವುದು ಆಂಟಿಎಕ್ಸ್ 23 ಥರದವು, ಆಮೇಲೆ ಓಪನ್‌ಬಿಎಸ್‌ಡಿ, ನೆಟ್‌ಬಿಎಸ್‌ಡಿ. ಟೈಪಿಂಗ್ ಕಲಿಯಲು ಆದೀತು. ಇವತ್ತಿನ ಬ್ರೌಸರ್ ಅಲ್ಲಿ ಏದುಸಿರು ಬಿಡುತ್ತದೆ. ಅಂಥ ಮಿಷನ್‌ಗೆ ಸುಮ್ನೆ ಖರ್ಚು ಮಾಡಬೇಡಿ.

ಗ್ರಾಫಿಕ್ಸ್ ಕಾರ್ಡ್: ಇಲ್ಲಿ ನಿಧಾನ ಮಾಡಿ

ಹೋದ ವರ್ಷ ಮಳೆಗಾಲದಲ್ಲಿ ಮಂಡ್ಯದ ಆ ಪ್ರೆಸ್ಸಿಗೆ ಹೋಗಿದ್ದೆ. ಮಿಷನ್‌ಗೆ ಯಾರೋ ಹೊಸದಾಗಿ ಲಿನಕ್ಸ್ ಹಾಕಿಕೊಟ್ಟಿದ್ದರು. ಮೂರು ವಾರ ಚೆನ್ನಾಗಿ ಓಡಿತಂತೆ. ಒಂದು ದಿನ ಅಪ್‌ಡೇಟ್ ಆಯಿತು, ಮಾರನೇ ದಿನ ಬೆಳಿಗ್ಗೆ ಪರದೆ ಪೂರ್ತಿ ಕಪ್ಪು. ಮಿಷನ್ ಓಡುತ್ತಿದೆ, ಫ್ಯಾನ್ ಸದ್ದು ಬರುತ್ತಿದೆ, ಕ್ಯಾಪ್ಸ್ ಲಾಕ್ ದೀಪ ಹತ್ತಿ ಆರುತ್ತಿದೆ. ಚಿತ್ರ ಮಾತ್ರ ಇಲ್ಲ. ಮದುವೆ ಸೀಸನ್, ನಾಲ್ಕು ಪತ್ರಿಕೆಯ ಕೆಲಸ ಒಳಗೆ ಸಿಕ್ಕಿಕೊಂಡಿದೆ. ಪಾಪ, ಅವರ ಮುಖ ನೋಡಲಾಗುತ್ತಿರಲಿಲ್ಲ.

ಆಗಿದ್ದು ಇಷ್ಟೇ. ಕಾರ್ಡ್ ಹಳೆಯದು, ಅದನ್ನು ಓಡಿಸಲು ಹಾಕಿದ ಸಾಫ್ಟ್‌ವೇರ್, ಅಂದರೆ ಡ್ರೈವರ್ ಕೂಡ ಹಳೆಯದು. ಅಪ್‌ಡೇಟ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸದಾಯಿತು. ಹೊಸ ಕರ್ನಲ್ ಜೊತೆ ಹಳೆ ಡ್ರೈವರ್ ಕಟ್ಟಿಕೊಳ್ಳಲಿಲ್ಲ. ಬೂಟ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿದ ಕೂಡಲೇ ಪರದೆ ಬಂತು. ಕೆಲಸ ಉಳಿಯಿತು. ಆದರೆ ಇದು ಬೇಕಾಗಿಯೇ ಇರಲಿಲ್ಲ. ಕಾರ್ಡ್ ಯಾವುದು ಅಂತ ಮೊದಲೇ ನೋಡಿದ್ದರೆ ತಪ್ಪುತ್ತಿತ್ತು.

ಕಾರ್ಡ್ ನೋಡುವುದು ಹೇಗೆ? ಪವರ್ ತೆಗೆಯಿರಿ, ಪಕ್ಕದ ತಗಡು ಬಿಚ್ಚಿ. ಕಾರ್ಡ್ ಹಿಂಬದಿಯ ಚೀಟಿಯ ಮೇಲೆ ಹೆಸರು ಇರುತ್ತದೆ. ಬಿಚ್ಚಲು ಇಷ್ಟವಿಲ್ಲದಿದ್ದರೆ ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ (ಡಿಸ್ಕ್‌ಗೆ ಹಾಕದೆಯೇ ಓಡುವುದು) ಎಬ್ಬಿಸಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಕಮ್ಯಾಂಡ್ ಕೊಡಿ. ಅದೇ ಎಲ್ಲ ಹೇಳುತ್ತದೆ.

ಎನ್‌ವಿಡಿಯಾ ಕ್ವಾಡ್ರೋ ಆದರೆ ಅದರ ಪೀಳಿಗೆ ನೋಡಬೇಕು. ಕಂಪನಿಯ ಡ್ರೈವರ್ ಶಾಖೆಗಳು (ಸಂಖ್ಯೆಯಿಂದ ಗುರುತಿಸುವ ಆವೃತ್ತಿ ಸಾಲುಗಳು) ಒಂದೊಂದು ಪೀಳಿಗೆಗೆ ನಿಂತುಹೋಗಿವೆ. ಕ್ವಾಡ್ರೋ ಎಫ್‌ಎಕ್ಸ್ 580, ಎಫ್‌ಎಕ್ಸ್ 1800 ಇವಕ್ಕೆ ಕೊನೆಯ ಶಾಖೆ 340, ಅದರ ಬೆಂಬಲ 2019ಕ್ಕೆ ಮುಗಿಯಿತು. ಕ್ವಾಡ್ರೋ 600, 2000, 4000 ಇವು ಫರ್ಮಿ ಪೀಳಿಗೆ, ಶಾಖೆ 390, 2022ಕ್ಕೆ ಮುಗಿಯಿತು. ಕೆ600, ಕೆ2000, ಕೆ4000 ಕೆಪ್ಲರ್ ಪೀಳಿಗೆ, ಶಾಖೆ 470, 2024ಕ್ಕೆ ಮುಗಿಯಿತು. ಕೆ620, ಕೆ2200 ಹೆಸರಿನಲ್ಲಿ ಕೆ ಇದ್ದರೂ ಒಳಗಿರುವುದು ಮ್ಯಾಕ್ಸ್‌ವೆಲ್. ಇವಕ್ಕೂ, ಪಿ400, ಪಿ620 ಥರದ ಪ್ಯಾಸ್ಕಲ್ ಕಾರ್ಡ್‌ಗಳಿಗೂ 580ರವರೆಗೆ ದಾರಿ ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕೆ600 ಮತ್ತು ಕೆ620 ನಡುವೆ ಗೊಂದಲ ಮಾಡಿಕೊಳ್ಳಬೇಡಿ. ಒಂದೇ ಅಂಕಿ ಬೇರೆ, ಆದರೆ ಕೆ620 ಲಿನಕ್ಸ್‌ನಲ್ಲಿ ಎಷ್ಟೋ ವರ್ಷ ಜಾಸ್ತಿ ಬಾಳುತ್ತದೆ.

ಹಾಗಾದರೆ ಎಫ್‌ಎಕ್ಸ್ 1800 ಇರುವವರು ಏನು ಮಾಡಬೇಕು? ಕಂಪನಿಯ ಡ್ರೈವರ್ ಮರೆತುಬಿಡಿ. ಕರ್ನಲ್ ಜೊತೆಗೇ ಬರುವ ಮುಕ್ತ ಡ್ರೈವರ್ ನೂವೋ ಇದೆ. ಅದು ಕಾರ್ಡನ್ನು ಪೂರ್ತಿ ವೇಗಕ್ಕೆ ಏರಿಸುವುದಿಲ್ಲ, ಬೂಟ್ ಆದಾಗ ಇದ್ದ ಕಡಿಮೆ ವೇಗದಲ್ಲೇ ಓಡಿಸುತ್ತದೆ. ಟೈಪಿಂಗ್, ಪುಟ ವಿನ್ಯಾಸ, ಬಿಲ್ಲು, ಬ್ರೌಸರ್ ಇಷ್ಟಕ್ಕೆ ಧಾರಾಳ. ಮುಖ್ಯವಾಗಿ, ಕರ್ನಲ್ ಬದಲಾದಾಗ ಅದೂ ಜೊತೆಗೇ ಬದಲಾಗುತ್ತದೆ. ಬೆಳಿಗ್ಗೆ ಎದ್ದು ಕಪ್ಪು ಪರದೆ ನೋಡುವ ಗ್ರಹಚಾರ ಇರುವುದಿಲ್ಲ. ಮಂಡ್ಯದ ಪ್ರೆಸ್ಸಿನಲ್ಲಿ ನಾನು ಮಾಡಿದ್ದು ಇದೇ. ಹಳೆ ಡ್ರೈವರ್ ಕಿತ್ತುಹಾಕಿ ನೂವೋಗೆ ಬಿಟ್ಟೆ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಓಡಿಸುವವರಿಗೆ ಮಾತ್ರ ಇದು ಆಗುವುದಿಲ್ಲ. ಬ್ಲೆಂಡರ್ 4ರಿಂದ ಓಪನ್‌ಜಿಎಲ್ ಅನ್ನುವ ಗ್ರಾಫಿಕ್ಸ್ ವ್ಯವಸ್ಥೆಯ 4.3 ಆವೃತ್ತಿ ಬೇಕು. ಎಫ್‌ಎಕ್ಸ್ 1800 ನಿಲ್ಲುವುದು 3.3ಕ್ಕೆ.

ಎಎಂಡಿ ಫೈರ್‌ಪ್ರೊ ಇದ್ದರೆ ನಿಮ್ಮ ಅದೃಷ್ಟ. ವಿ4900, ಡಬ್ಲ್ಯೂ5000, ಡಬ್ಲ್ಯೂ5100 ಇವಕ್ಕೆಲ್ಲ ಡ್ರೈವರ್ ಕರ್ನಲ್‌ನೊಳಗೇ ಇದೆ. ಫರ್ಮ್‌ವೇರ್ (ಸಾಧನದೊಳಗೆ ಓಡುವ ಪುಟ್ಟ ಸಾಫ್ಟ್‌ವೇರ್) ಪ್ಯಾಕೇಜ್ ಒಂದು ಇದ್ದರಾಯಿತು. ವಿಂಡೋಸ್‌ನಲ್ಲಿ ಯಾರೂ ಕೇಳದ ಈ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ತಕರಾರಿಲ್ಲದೆ ಓಡುತ್ತವೆ. ಎರಡು ಮಿಷನ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದರೆ, ಪ್ರೊಸೆಸರ್ ಸ್ವಲ್ಪ ಕಡಿಮೆ ಇದ್ದರೂ ನಾನು ಫೈರ್‌ಪ್ರೊ ಇರುವುದನ್ನೇ ಎತ್ತಿಕೊಳ್ಳುತ್ತೇನೆ.

ಇನ್ನೊಂದು ಸಣ್ಣ ವಿಷಯ, ಆದರೆ ಅಂಗಡಿಗಳಲ್ಲಿ ದಿನಾ ಕಾಡುವುದು. ಕ್ವಾಡ್ರೋ 600ರಲ್ಲಿ ಒಂದು ಡಿವಿಐ, ಒಂದು ಡಿಸ್‌ಪ್ಲೇಪೋರ್ಟ್ ಇರುತ್ತದೆ. ನಮ್ಮ ಕಡೆ ಮಾನಿಟರ್ ಇನ್ನೂ ವಿಜಿಎ. ಡಿವಿಐ ಕಡೆಯಿಂದ ವಿಜಿಎಗೆ ಸಾದಾ ಕನೆಕ್ಟರ್ ಸಾಕು. ಡಿಸ್‌ಪ್ಲೇಪೋರ್ಟ್‌ನಿಂದ ಬೇಕಾದರೆ ಒಳಗೆ ಚಿಪ್ ಇರುವ ಆ್ಯಕ್ಟಿವ್ ಕನ್ವರ್ಟರ್ ಬೇಕು. ಎಷ್ಟೋ ಜನ "ಲಿನಕ್ಸ್‌ನಲ್ಲಿ ಎರಡನೇ ಪರದೆ ಬರಲ್ಲ" ಅನ್ನುವುದು ಈ ಕೇಬಲ್ಲಿನ ದೆಸೆಯಿಂದ.

ಡೆಬಿಯನ್ನಾ, ಮಿಂಟಾ?

ನೂರಕ್ಕೆ ತೊಂಬತ್ತು ಜನರ ಪ್ರಶ್ನೆ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಎರಡೂ ಒಳ್ಳೆಯವು. ಎರಡನ್ನೂ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಜೊತೆ ಹಾಕಿ. ಯಾಕೆ ಎಕ್ಸ್‌ಎಫ್‌ಸಿಇ? ಹಗುರ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಪರದೆಯ ಮೇಲೆ ಚಿತ್ರ ಮೂಡಿಸಲು ಅದು ಇನ್ನೂ ಹಳೆಯ ಎಕ್ಸ್11 ಪದ್ಧತಿಯಲ್ಲಿ ನೆಮ್ಮದಿಯಾಗಿ ಓಡುತ್ತದೆ. ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್ ಈಗ ವೇಲ್ಯಾಂಡ್ ಅನ್ನುವ ಹೊಸ ಪದ್ಧತಿಯ ಕಡೆಗೆ ವಾಲಿದೆ. ಉಬುಂಟು 25.10ರಲ್ಲಿ ಗ್ನೋಮ್‌ಗೆ ಎಕ್ಸ್11 ಸೆಷನ್ನೇ ಇಲ್ಲ. ಹಳೆ ಎನ್‌ವಿಡಿಯಾ ಡ್ರೈವರ್‌ಗೂ ವೇಲ್ಯಾಂಡ್‌ಗೂ ಎಣ್ಣೆ ಸೀಗೇಕಾಯಿ ಸಂಬಂಧ. ಹಾಗಾಗಿ ಹಳೆ ಕ್ವಾಡ್ರೋ ಮೇಲೆ ಹೊಸ ಉಬುಂಟು ಹಾಕುವವರಿಗೆ ಬೇಡ ಅಂತಲೇ ಹೇಳುತ್ತೇನೆ.

ಡೆಬಿಯನ್ 13ರ ಗುಣ ಅದರ ನಿಧಾನ. ಅದರ ಕರ್ನಲ್ 6.12. ಆ ಆವೃತ್ತಿ ಇರುವಷ್ಟು ಕಾಲ ಅದೇ ಸಾಲಿನಲ್ಲಿ ತಿದ್ದುಪಡಿ ಬರುತ್ತದೆ, ಕಾಲ ಕೆಳಗಿನ ನೆಲ ಅಲುಗಾಡುವುದಿಲ್ಲ. ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘ ಬೆಂಬಲ. ಮೊದಲೆಲ್ಲ ಡೆಬಿಯನ್ ಹಾಕುವಾಗ ನೆಟ್‌ವರ್ಕ್ ಕಾರ್ಡ್‌ಗೆ ಫರ್ಮ್‌ವೇರ್ ಹುಡುಕಿಕೊಂಡು ಇನ್ನೊಂದು ಪೆನ್‌ಡ್ರೈವ್ ಹಿಡಿದು ಓಡಾಡಬೇಕಿತ್ತು. 2023ರ ಡೆಬಿಯನ್ 12ರಿಂದ ಆ ಕಾಟ ತಪ್ಪಿತು. ಮುಕ್ತವಲ್ಲದ ಫರ್ಮ್‌ವೇರನ್ನೂ ಇನ್‌ಸ್ಟಾಲರ್ ಜೊತೆಗೇ ಕೊಡುತ್ತಾರೆ. ಕೆ620 ಥರದ ಕಾರ್ಡ್‌ಗೆ ಕಂಪನಿಯ 550 ಡ್ರೈವರ್ ಅದರ ಸಾಫ್ಟ್‌ವೇರ್ ಭಂಡಾರದಲ್ಲೇ ಇದೆ.

ಮಿಂಟ್ 22 ಉಬುಂಟು 24.04ರ ಮೇಲೆ ಕಟ್ಟಿದ್ದು. 2029ರವರೆಗೆ ಬೆಂಬಲ. ಇದರ ಬಲ ಅದರ ಸಣ್ಣ ಸಣ್ಣ ಸಲಕರಣೆಗಳಲ್ಲಿದೆ. ಡ್ರೈವರ್ ಮ್ಯಾನೇಜರ್ ತೆರೆದರೆ ಯಾವ ಡ್ರೈವರ್ ಹಾಕಬಹುದು ಅಂತ ಅದೇ ತೋರಿಸುತ್ತದೆ. ಕೆ2000ಕ್ಕೆ 470 ಬೇಕೇ ಬೇಕು ಅನ್ನುವವರಿಗೆ ಇದು ಸುಲಭದ ದಾರಿ. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಕರ್ನಲ್ ಪಟ್ಟಿ ಇದೆ. 6.8ರ ಸಾಲಿನಲ್ಲೇ ಉಳಿಯಬೇಕು ಅಂದರೆ ಅಲ್ಲಿಂದಲೇ ಆರಿಸಬಹುದು. ಹಳೆ ಡ್ರೈವರ್ ಹಾಕಿದವರು ದಯವಿಟ್ಟು ಹಾಗೇ ಮಾಡಿ. ಜೊತೆಗೆ ಟೈಮ್‌ಶಿಫ್ಟ್ ಇದೆ. ಅಪ್‌ಡೇಟ್‌ಗೆ ಮೊದಲು ಒಂದು ಪ್ರತಿ ತೆಗೆದಿಟ್ಟರೆ, ಕೆಟ್ಟಾಗ ಹಿಂದಕ್ಕೆ ಹೋಗಬಹುದು.

ನನ್ನ ತೀರ್ಮಾನ ಹೀಗೆ. ಮಿಷನ್ ನೋಡಿಕೊಳ್ಳಲು ಯಾರೂ ಇಲ್ಲದ ಅಂಗಡಿಗೆ, ಶಾಲೆಗೆ, ಸಂಘಕ್ಕೆ ಡೆಬಿಯನ್. ಒಂದು ಸಲ ಹಾಕಿ ಸೆಟ್ ಮಾಡಿಕೊಟ್ಟರೆ ವರ್ಷಗಟ್ಟಲೆ ಕರೆ ಬರುವುದಿಲ್ಲ. ತಾವೇ ಕೈಯಾಡಿಸುವವರಿಗೆ, ಮೊದಲ ಸಲ ವಿಂಡೋಸ್ ಬಿಟ್ಟು ಬರುವವರಿಗೆ ಮಿಂಟ್. ರ‍್ಯಾಮ್ 2 ಜಿಬಿ ಇದ್ದರೂ ಮಿಂಟ್ ಏಳುತ್ತದೆ ಅಂತ ಅವರೇ ಹೇಳುತ್ತಾರೆ. ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. 8 ಜಿಬಿ ಮಾಡಿ. ಹಳೆ ಡಿಡಿಆರ್3 ಕಡಿಮೆಗೇ ಸಿಗುತ್ತದೆ. ವರ್ಕ್‌ಸ್ಟೇಷನ್‌ನಲ್ಲಿ ಇಸಿಸಿ (ತಪ್ಪು ತಾನೇ ತಿದ್ದಿಕೊಳ್ಳುವ) ರ‍್ಯಾಮ್ ಇದ್ದರೆ ಅದು ರಿಜಿಸ್ಟರ್ಡ್ ಹೌದೋ ಅಲ್ಲವೋ ನೋಡಿ ತನ್ನಿ. ಎರಡು ಬಗೆಯನ್ನು ಕಲಸಿ ಹಾಕಿದರೆ ಮಿಷನ್ ಏಳುವುದೇ ಇಲ್ಲ.

ರೆಡ್ ಹ್ಯಾಟ್ ಬಳಗದ ರಾಕಿ, ಆಲ್ಮಾ ಯಾರಿಗೆ? ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ, ಚಿಪ್ ಡಿಸೈನ್ ಸಾಫ್ಟ್‌ವೇರ್ ಅಭ್ಯಾಸ ಮಾಡುವವರಿಗೆ. ಆ ದೊಡ್ಡ ಸಾಫ್ಟ್‌ವೇರ್‌ಗಳು ಈ ಬಳಗವನ್ನೇ ನೆಚ್ಚಿಕೊಂಡಿರುತ್ತವೆ. ಝೆಡ್420 ಮೇಲೆ 9 ಹಾಕಿಕೊಳ್ಳಿ. ಉಳಿದವರಿಗೆ ಇದು ಬೇಕಾಗಿಲ್ಲ. ಹಳೆ ಹಾರ್ಡ್‌ವೇರ್ ಡ್ರೈವರ್‌ಗಳನ್ನು ಈ ಬಳಗ ಬೇಗ ಕಿತ್ತುಹಾಕುತ್ತದೆ. ಉದಾಹರಣೆಗೆ, ಆ ಕಾಲದ ಕೆಲವು ವರ್ಕ್‌ಸ್ಟೇಷನ್‌ಗಳಲ್ಲಿ ಎಲ್‌ಎಸ್‌ಐ 1068ಇ ಅನ್ನುವ ಎಸ್‌ಎಎಸ್ ಡಿಸ್ಕ್ ಕಂಟ್ರೋಲರ್ ಇರುತ್ತದೆ. ಅದರ ಡ್ರೈವರನ್ನು ರೆಡ್ ಹ್ಯಾಟ್ 8ರಲ್ಲೇ ತೆಗೆದರು. ಡೆಬಿಯನ್‌ನಲ್ಲಿ ಅದು ಇನ್ನೂ ಓಡುತ್ತದೆ. ಓಡಿದರೂ ಆ ಕಂಟ್ರೋಲರ್‌ಗೆ 2 ಟಿಬಿ ಮೀರಿದ ಡಿಸ್ಕ್ ಪೂರ್ತಿ ಕಾಣುವುದಿಲ್ಲ. ಅದನ್ನು ಬಿಟ್ಟು ಮದರ್‌ಬೋರ್ಡಿನ ಸಾಟಾಗೆ ಡಿಸ್ಕ್ ಹಾಕಿ, ಬಯಾಸ್‌ನಲ್ಲಿ (ಮಿಷನ್ ಏಳುವಾಗ ತೆರೆಯುವ ಸೆಟ್ಟಿಂಗ್) ಡಿಸ್ಕ್ ಮೋಡನ್ನು ಎಎಚ್‌ಸಿಐ ಮಾಡಿ.

ಪ್ರಿಂಟರ್ ಮುಂದೆ ಕೂತು

ಮೈಸೂರಿನ ಯಾವ ಡಿಟಿಪಿ ಅಂಗಡಿಗೆ ಹೋದರೂ ಮೂರರಲ್ಲಿ ಒಂದು ಇದ್ದೇ ಇರುತ್ತದೆ. ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900, ಇಲ್ಲವೇ ಟಿವಿಎಸ್‌ನ ಡಾಟ್ ಮ್ಯಾಟ್ರಿಕ್ಸ್.

1020ರ ಸ್ವಭಾವ ಗೊತ್ತಿದ್ದರೆ ಗೋಳು ಅರ್ಧ ಕಡಿಮೆ. ಈ ಪ್ರಿಂಟರ್ ತನ್ನ ಫರ್ಮ್‌ವೇರನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರೇ ಅದನ್ನು ಕಳಿಸಿಕೊಡಬೇಕು. ಲಿನಕ್ಸ್‌ನಲ್ಲಿ ಎಚ್‌ಪಿಯ ಪ್ರಿಂಟರ್ ಸಾಫ್ಟ್‌ವೇರ್ ಎಚ್‌ಪಿಎಲ್‌ಐಪಿ ಹಾಕಿ, ಅದರ ಪ್ಲಗಿನ್ನನ್ನೂ ಇಳಿಸಿದರೆ ಈ ಕೆಲಸ ತಾನೇ ಆಗುತ್ತದೆ. ಪ್ಲಗಿನ್ ಮರೆತರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಜಾಬ್ ಹೋಗುತ್ತದೆ, ಹಾಳೆ ಮಾತ್ರ ಬರುವುದಿಲ್ಲ. ಸರಸ್ವತಿಪುರಂನ ಅಂಗಡಿಯಲ್ಲಿ ಇದೇ ಆಗಿತ್ತು. ಅಲ್ಲಿ ಇನ್ನೊಂದು ತಿರುವು. ಕಂಪ್ಯೂಟರ್ ಯುಪಿಎಸ್‌ನಲ್ಲಿದೆ, ಪ್ರಿಂಟರ್ ನೇರ ಗೋಡೆಯ ಪ್ಲಗ್‌ನಲ್ಲಿ. ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್‌ಗೆ ಏನೂ ಆಗಿಲ್ಲ, ಪ್ರಿಂಟರ್ ಮಾತ್ರ ಎಲ್ಲ ಮರೆತು ಕೂತಿದೆ. ಪ್ಲಗಿನ್ ಹಾಕಿದೆ. ಸ್ವಿಚ್ ಆರಿಸಿ ಹಾಕಿದೆ. ಒಳಗಿನ ಮೋಟಾರು ಒಂದು ಸಲ ಗುರ್ ಅಂದು ಸುಮ್ಮನಾಯಿತು. ಆ ಸದ್ದೇ ಫರ್ಮ್‌ವೇರ್ ಇಳಿದ ಗುರುತು. ಆಮೇಲೆ ಹಾಳೆ ಬಂತು.

2900ಕ್ಕೆ ಕಂಪನಿಯದೇ ಲಿನಕ್ಸ್ ಡ್ರೈವರ್ ಇದೆ, ಆದರೆ 64 ಬಿಟ್ ಲಿನಕ್ಸ್‌ನಲ್ಲೂ ಅದಕ್ಕೆ ಕೆಲವು 32 ಬಿಟ್ ಲೈಬ್ರರಿಗಳು ಬೇಕು. ಕ್ಯಾಪ್ಟ್ ಡ್ರೈವರ್ ಅನ್ನುವ ಮುಕ್ತ ಪ್ರಯತ್ನವೂ ಇದೆ. ಎರಡಕ್ಕೂ ಅರ್ಧ ದಿನ ಎತ್ತಿಡಿ. ದಿನಕ್ಕೆ ನೂರಾರು ಹಾಳೆ ತೆಗೆಯುವ ಅಂಗಡಿ ಆದರೆ ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಅನ್ನುವ ಪ್ರಿಂಟರ್ ಭಾಷೆ ಅರ್ಥವಾಗುವ ನೆಟ್‌ವರ್ಕ್ ಪ್ರಿಂಟರ್ ಕೊಳ್ಳುವುದೇ ಲೇಸು. ಡಾಟ್ ಮ್ಯಾಟ್ರಿಕ್ಸ್ ಮಾತ್ರ ಹಳೆ ವರ್ಕ್‌ಸ್ಟೇಷನ್‌ಗೆ ಹೇಳಿ ಮಾಡಿಸಿದ ಜೋಡಿ. ಎಪ್ಸನ್ ಭಾಷೆ ಅದಕ್ಕೆ ಗೊತ್ತು. ಇಂಗ್ಲಿಷ್ ಅಕ್ಷರದ ಬಿಲ್ಲು ನೇರ ಹೊಡೆಯುತ್ತದೆ. ಕನ್ನಡ ಬೇಕಾದರೆ ಚಿತ್ರವಾಗಿ ಕಳಿಸಬೇಕು, ನಿಧಾನವಾಗುತ್ತದೆ.

ನುಡಿ, ಪೇಜ್‌ಮೇಕರ್ ಅಂದರೆ?

ಹಾರ್ಡ್‌ವೇರ್ ಮಾತಿನ ನಡುವೆ ಇದು ಯಾಕೆ ಅನ್ನಬೇಡಿ. ಕನ್ನಡ ಟೈಪಿಂಗ್‌ಗೆ ನುಡಿ, ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್, ಎರಡನ್ನೂ ಇಲ್ಲಿ ವಿಂಡೋಸ್‌ನಲ್ಲೇ ಬಳಸಿ ರೂಢಿ. ನಮ್ಮ ಕಡೆ ಲಿನಕ್ಸ್ ನಿಲ್ಲುವುದು, ಬೀಳುವುದು ಇಲ್ಲಿಯೇ.

ಟೈಪಿಂಗ್ ಸುಲಭ. ಕಗಪ ಕೀಲಿಮಣೆ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ನುಡಿಯಲ್ಲಿ ಬೆರಳು ಪಳಗಿದವರು ಆರಿಸಿಕೊಂಡು ಕೂತರೆ ಸ್ವಲ್ಪ ಹೊತ್ತಿನಲ್ಲಿ ಹೊಂದಿಕೊಳ್ಳುತ್ತಾರೆ. ಗುಬ್ಬಿ, ನವಿಲು, ಲೋಹಿತ್, ನೋಟೋ ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಲಗ್ನಪತ್ರಿಕೆಗೆ ಸ್ಕ್ರೈಬಸ್ ಅನ್ನುವ ಪುಟ ವಿನ್ಯಾಸದ ಸಾಫ್ಟ್‌ವೇರ್ ಬಳಸಬಹುದು, 1.6ರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಕಷ್ಟ ಇರುವುದು ಹಳೆ ಫೈಲುಗಳಲ್ಲಿ. ಇಪ್ಪತ್ತು ವರ್ಷದ ಪೇಜ್‌ಮೇಕರ್ ಫೈಲುಗಳು, ಎಲ್ಲ ನುಡಿಯ ಹಳೆ ಫಾಂಟ್‌ನಲ್ಲಿ. ಸ್ಕ್ರೈಬಸ್ ಪೇಜ್‌ಮೇಕರ್ ಫೈಲನ್ನು ತೆರೆಯುತ್ತದೆ, ಆದರೆ ಒಳಗಿನ ಅಕ್ಷರ ಯುನಿಕೋಡ್ ಆಗಿರುವುದಿಲ್ಲ. ಪರಿವರ್ತಕದಲ್ಲಿ ಹಾಕಿ ತೆಗೆದು, ಮತ್ತೆ ಓದಿ ತಿದ್ದಬೇಕು. ಅದಕ್ಕೇ ಪ್ರೆಸ್ಸಿನವರಿಗೆ ನನ್ನ ಸಲಹೆ ಒಂದೇ. ಎರಡು ಮಿಷನ್ ಇದ್ದರೆ ಒಂದನ್ನು ವಿಂಡೋಸ್‌ನಲ್ಲೇ ಬಿಡಿ, ಇಂಟರ್‌ನೆಟ್ ಕೇಬಲ್ ಕಿತ್ತುಹಾಕಿ. ಹಳೆ ಗಿರಾಕಿಯ ಕೆಲಸ ಅಲ್ಲಿ. ಹೊಸದೆಲ್ಲ ಲಿನಕ್ಸ್‌ನಲ್ಲಿ.

ಫ್ರೀಬಿಎಸ್‌ಡಿ ಯಾರಿಗೆ

ಡೆಸ್ಕ್‌ಟಾಪ್ ಆಗಿ ನಾನು ಹೇಳುವುದಿಲ್ಲ. ವೈಫೈ, ಪ್ರಿಂಟರ್ ಎರಡರಲ್ಲೂ ಲಿನಕ್ಸ್‌ಗಿಂತ ಹಿಂದಿದೆ. ಆದರೆ ಟಿ3500 ಥರದ ಮಿಷನ್‌ನಲ್ಲಿ ಇಸಿಸಿ ರ‍್ಯಾಮ್ ಇದೆ, ನಾಲ್ಕು ಡಿಸ್ಕ್ ಕೂರಿಸಬಹುದು ಅಂದರೆ, ಅದಕ್ಕೆ ಫ್ರೀಬಿಎಸ್‌ಡಿ ಹಾಕಿ, ಝೆಡ್‌ಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆ ಕಟ್ಟಿ, ಫೈಲ್ ಸರ್ವರ್ ಮಾಡಿಕೊಳ್ಳಿ. ಡಿಸ್ಕ್‌ನಲ್ಲಿ ಒಂದು ಬಿಟ್ ಕೆಟ್ಟರೂ ಅದು ಕಂಡುಹಿಡಿದು ಜೋಡಿ ಡಿಸ್ಕ್‌ನಿಂದ ಸರಿಪಡಿಸುತ್ತದೆ. ಸ್ಟುಡಿಯೋದವರ ಮದುವೆ ಫೋಟೋಗಳಿಗೆ ಇದಕ್ಕಿಂತ ಭದ್ರವಾದ ಪೆಟ್ಟಿಗೆ ಹಳೆ ಮಿಷನ್‌ನಲ್ಲಿ ಇನ್ನೊಂದಿಲ್ಲ. ಇಂಥ ಕಡೆ ಗ್ರಾಫಿಕ್ಸ್ ಕಾರ್ಡ್‌ನ ಗೊಡವೆಯೂ ಇಲ್ಲ. ಕೇಬಲ್ ನೆಟ್‌ವರ್ಕ್ ಸಾಕು.

ಕರೆಂಟ್ ಬಿಲ್ಲು ಮಾತ್ರ ಲೆಕ್ಕ ಹಾಕಿ. ಆ ಕಾಲದ ಝಿಯಾನ್ ಒಂದಕ್ಕೇ 130 ವಾಟ್ ಉಷ್ಣದ ಮಿತಿ ಬರೆದಿರುತ್ತಾರೆ. ಮಿಷನ್ ಸುಮ್ಮನೆ ಕೂತಾಗ 100 ವಾಟ್ ಎಳೆಯುತ್ತದೆ ಅಂತಿಟ್ಟುಕೊಂಡರೂ, ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 24 ಯೂನಿಟ್. ಹಗಲೂ ರಾತ್ರಿ ಓಡಿಸಿದರೆ 72. ಅಂಗಡಿ ಹೊತ್ತಿಗೆ ಮಾತ್ರ ಬೇಕಾದ ಫೈಲ್ ಸರ್ವರ್ ಆದರೆ ರಾತ್ರಿ ಆರಿಸಿ. ದಿನವಿಡೀ ಓಡಬೇಕು ಅಂದರೆ ಕೋರ್ 2 ಕಾಲದ ಮಿಷನ್ ಬೇಡವೇ ಬೇಡ.

ಹಾಕುವ ಮೊದಲು ಒಂದು ಸಂಜೆ

ಹಲವು ಲಿನಕ್ಸ್‌ಗಳನ್ನು ಒಟ್ಟಿಗೆ ಇಟ್ಟು ಬೂಟ್ ಮಾಡಿಸುವ ವೆಂಟಾಯ್ ಹಾಕಿದ ಒಂದು ಪೆನ್‌ಡ್ರೈವ್‌ಗೆ ಡೆಬಿಯನ್ ಲೈವ್, ಮಿಂಟ್ ಎರಡನ್ನೂ ತುಂಬಿಕೊಳ್ಳಿ. ಡಿಸ್ಕ್ ಮುಟ್ಟದೆ ಎರಡನ್ನೂ ಎಬ್ಬಿಸಿ ನೋಡಬಹುದು. ಹಾಡು ಹಾಕಿ, ಮುಂದಿನ ಜಾಕ್‌ನಲ್ಲಿ ಹೆಡ್‌ಫೋನ್ ಚುಚ್ಚಿ. ವಿಡಿಯೋ ಓಡಿಸಿ. ಎರಡನೇ ಮಾನಿಟರ್ ಹಾಕಿ. ಮಿಷನ್ ಮಲಗಿಸಿ ಎಬ್ಬಿಸಿ. ಹಳೆ ಕಾರ್ಡ್‌ಗಳು ಇಲ್ಲೇ ಕೈಕೊಡುವುದು ಜಾಸ್ತಿ. ಟಿ3500, ಝೆಡ್400 ಇವು ಹಳೆಯ ಬಯಾಸ್‌ನಲ್ಲೇ ಬೂಟ್ ಆಗುತ್ತವೆ. ಹಾಗಾಗಿ 2 ಟಿಬಿಗಿಂತ ದೊಡ್ಡ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡುವಾಗ ಬಯಾಸ್ ಬೂಟ್ ಪಾರ್ಟಿಷನ್ ಒಂದು ಮಾಡಿಕೊಳ್ಳಬೇಕು. ಎನ್‌ವಿಎಂಇ (ಹೊಸ ಬಗೆಯ ವೇಗದ ಎಸ್‌ಎಸ್‌ಡಿ) ಕಾರ್ಡ್ ಅಡಾಪ್ಟರ್‌ನಲ್ಲಿ ಹಾಕಿದರೆ ಡಿಸ್ಕ್ ಕಾಣುತ್ತದೆ, ಅದರಿಂದ ನೇರ ಬೂಟ್ ಆಗುವುದಿಲ್ಲ. ಸಾದಾ ಸಾಟಾ ಎಸ್‌ಎಸ್‌ಡಿಯೇ ಸಾಕು. ನಿಜ ಹೇಳಬೇಕಂದರೆ, ಹಳೆ ಮಿಷನ್‌ಗೆ ಒಂದೇ ಒಂದು ಖರ್ಚು ಮಾಡುವುದಾದರೆ ಅದು ಎಸ್‌ಎಸ್‌ಡಿ ಆಗಿರಲಿ. ವೈಫೈ ಬೇಕಾದರೆ ಎಥೆರೋಸ್‌ನ ಎಥ್9ಕೆ ಡ್ರೈವರ್ ಬಳಸುವ ಕಾರ್ಡ್ ಹುಡುಕಿ. ಅದಕ್ಕೆ ಬೇರೆ ಫರ್ಮ್‌ವೇರ್ ಕೂಡ ಬೇಡ.

ಕೆರಗೋಡು ಕಡೆಯ ಒಂದು ಜೆರಾಕ್ಸ್ ಅಂಗಡಿಯ ಝೆಡ್400 ನೆನಪಾಗುತ್ತದೆ. ತಗಡು ತೆಗೆದಾಗ ಫ್ಯಾನಿನ ರೆಕ್ಕೆಗೆಲ್ಲ ಅಂಟಂಟು ಕರಿ ಧೂಳು. ಪಕ್ಕದಲ್ಲೇ ಆಲೆಮನೆ. ಬೆಲ್ಲದ ಹೊಗೆ ಫ್ಯಾನಿನೊಳಗೆ ಪದರ ಕಟ್ಟಿತ್ತು. ಬ್ರಷ್ ಹಿಡಿದು ಒರೆಸಿದೆವು. ಡೆಬಿಯನ್ ಹಾಕಿದೆ, ಎಲ್ಲ ಚೆನ್ನಾಗಿ ಎದ್ದಿತು. ಆದರೆ ಬ್ರೌಸರ್‌ನಲ್ಲಿ ಯಾವ ಪುಟ ತೆರೆದರೂ ಭದ್ರತೆಯ ಎಚ್ಚರಿಕೆ. ಅಪ್‌ಡೇಟ್ ಕೊಟ್ಟರೆ ಭಂಡಾರದ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಅನ್ನುತ್ತದೆ. ಅರ್ಧ ಗಂಟೆ ನೆಟ್‌ವರ್ಕ್ ಕೆದಕಿದೆ. ಕೊನೆಗೆ ಮೂಲೆಯ ಗಡಿಯಾರದ ಮೇಲೆ ಕಣ್ಣು ಬಿತ್ತು. ತಾರೀಕು 2009ರ ಜನವರಿ 1. ಮದರ್‌ಬೋರ್ಡಿನ ಪುಟ್ಟ ಸೆಲ್ಲು ಸತ್ತಿತ್ತು. ಹುಡುಗ ಎದುರಿನ ಅಂಗಡಿಗೆ ಓಡಿ ಸಿಆರ್2032 ಸೆಲ್ಲು ತಂದ. ಹಾಕಿ, ತಾರೀಕು ಸರಿಮಾಡಿ, ಮತ್ತೆ ಅಪ್‌ಡೇಟ್ ಕೊಟ್ಟೆ. ಸಾಲು ಸಾಲಾಗಿ ಪ್ಯಾಕೇಜ್ ಇಳಿಯತೊಡಗಿತು. ಅಷ್ಟರಲ್ಲಿ ಪಹಣಿ ಪ್ರತಿ ಬೇಕು ಅಂತ ಒಬ್ಬರು ಬಂದು ನಿಂತಿದ್ದರು. ಅವರಿಗೆ ಅದೇ ಮಿಷನ್‌ನಿಂದ ಮೊದಲ ಹಾಳೆ ತೆಗೆದುಕೊಟ್ಟೆವು.